ಬಿಳಿ ಗ್ಲೈಡರು, ಮರದ ಗ್ಲೈಡರು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಗ್ಲೈಡರ್ ಮೈದಾನದಲ್ಲಿ ಕಾವಲಿದ್ದ ನಮ್ಮ ಸೋದರಮಾವ ಗುರುಪಾದಪ್ಪನವರು.

ಎಂಜಿನ್ನಿಲ್ಲದೆ ಗಾಳಿಯಲ್ಲಿ ತೇಲುವ ಎರಡು ಗ್ಲೈಡರುಗಳು ಒಂದೇ ಶೆಡ್ಡಿನಲ್ಲಿದ್ದವು. ಎರಡರಲ್ಲೂ ಒಬ್ಬರಿಗೇ ಜಾಗ. ಅದುವರೆಗೆ ಗುರುವನ್ನು ಹಿಂದೆ ಕೂರಿಸಿಕೊಂಡೇ ಹಾರಿದ್ದ ಇಂದುಶೇಖರ, ತನಗೊಂದನ್ನು ಆರಿಸಲು ಬಂದ.

"ನನ್ನನ್ನು ಆರಿಸಿ ಸ್ವಾಮಿ," ಎಂದಿತು ಬಿಳಿ ಗ್ಲೈಡರು. "ಮೇಲೇರಿದರೆ ನಾನು ಸುಲಭಕ್ಕೆ ಇಳಿಯುವವನಲ್ಲ. ಈ ಅಜ್ಜನೋ, ಹೋದ ಕೂಡಲೇ ನೆಲ ಹುಡುಕುತ್ತಾನೆ."

"ಹುಡುಕುತ್ತೇನಪ್ಪ," ಎಂದಿತು ಮರದ ಗ್ಲೈಡರು. "ಮಗೂ, ಇಳಿಸುವುದರಲ್ಲಿ ನಿನ್ನ ಕೈ ಇನ್ನೂ ಪಳಗಿಲ್ಲ. ನೀನು ತಪ್ಪಿದರೂ ನಾನು ಸಣ್ಣ ಹೊಲದಲ್ಲಿ ನಿಲ್ಲುತ್ತೇನೆ. ಒಂದು ವರ್ಷ ನನ್ನ ಜೊತೆಗಿರು."

"ನಿನ್ನನ್ನು ಹತ್ತಿದರೆ ಜೊತೆಯವರು ನಗುತ್ತಾರೆ, ಅಜ್ಜ," ಎಂದು ಇಂದುಶೇಖರ ಬಿಳಿಯದನ್ನೇ ಏರಿದ.

ಸಂಜೆಗೆ ಮೇಲೆತ್ತುವ ಗಾಳಿ ನಿಂತಿತು. ಮೈದಾನ ಇನ್ನೂ ದೂರವಿತ್ತು. ಸಿಕ್ಕಿದ ಸಣ್ಣ ಹೊಲಕ್ಕೆ ಇಂದುಶೇಖರ ತಿರುಗಿಸಿದ. ಗ್ಲೈಡರು ನೆಲ ಮುಟ್ಟದೆ ಹೊಲದುದ್ದಕ್ಕೂ ತೇಲುತ್ತಲೇ ಹೋಯಿತು.

"ಇಳಿಯೋ! ಮುಂದೆ ಕಲ್ಲುಗೋಡೆ!"

"ತೇಲುವುದಷ್ಟೇ ನನ್ನ ಗುಣ, ಸ್ವಾಮಿ. ಇಳಿಸುವುದು ನಿಮ್ಮ ಕೆಲಸ."

ಮರುದಿನ ಬಿಳಿ ಚೂರುಗಳನ್ನು ಶೆಡ್ಡಿಗೆ ತಂದು ಸುರಿದರು. ಇಂದುಶೇಖರನನ್ನು ಅವನ ತಾಯಿಯ ಮನೆಗೆ ಒಯ್ದರು.

ಶಿವ ಅವನಿಗೆ ಸದ್ಗತಿ ಕೊಡಲಿ. ಹೊಸದಾಗಿ ಹಾರಲು ಹೊರಟವರು ನಿಮ್ಮಲ್ಲಿದ್ದರೆ, ಅವರು ಗ್ಲೈಡರ್ ಆರಿಸುವ ಮೊದಲೇ ಇದನ್ನು ಹೇಳಿಬಿಡಿ.