ಬಿಲ್ಲೆ ಕೂಡಿಸಿದ ವರ್ತಕ

"ಗುರುಗಳೇ, ನಿಯಮ ಮುರಿಯದೆ ಪಡೆದ ಲಾಭದಲ್ಲಿ ತಪ್ಪು ಇರುತ್ತದೆಯೇ?" ಎಂದು ಮೃತ್ಯುಂಜಯ ಕೇಳಿದ.

ಮೃತ್ಯುಂಜಯ ದೇಶ ತಿರುಗುವವನು. ತಿರುಗಿ ಕಂಡದ್ದನ್ನು ತನ್ನ ಬ್ಲಾಗಿನಲ್ಲಿ ಬರೆಯುವವನು. ಅದನ್ನು ಬಹಳ ಜನ ಓದುತ್ತಿದ್ದರು. ಒಂದು ವಿಮಾನ ಕಂಪನಿ ತನ್ನಲ್ಲಿ ಮತ್ತೆ ಮತ್ತೆ ಪ್ರಯಾಣ ಮಾಡುವವರಿಗೆ ಪಾಯಿಂಟು ಕೊಡುತ್ತಿತ್ತು. ಪಾಯಿಂಟು ಸಾಕಷ್ಟು ಕೂಡಿದರೆ ಟಿಕೆಟ್ ಪುಕ್ಕಟೆ. ಟಿಕೆಟ್ ತೆಗೆದುಕೊಂಡು ರದ್ದು ಮಾಡಿದರೆ ಹಣ ಮರಳಿ ಬರುತ್ತದೆ, ಪಾಯಿಂಟೂ ಉಳಿಯುತ್ತದೆ ಎಂಬುದು ಮೃತ್ಯುಂಜಯನಿಗೆ ಗೊತ್ತಾಯಿತು. ಅವನು ಹಾಗೆ ಮಾಡಿ ಕಾಸು ಖರ್ಚಿಲ್ಲದೆ ತಿರುಗಿದ. ಈಗ ಅದನ್ನು ಎಲ್ಲರೂ ಮಾಡುವಂತೆ ಬಿಡಿಸಿ ಬರೆದಿದ್ದ. ಪ್ರಕಟಿಸುವುದಷ್ಟೇ ಬಾಕಿ ಇತ್ತು.

"ಕಂಪನಿ ಬಡವರದ್ದಲ್ಲ. ಅದು ಪಾಯಿಂಟು ಕೊಡುವುದೂ ಪ್ರೀತಿಯಿಂದಲ್ಲ, ಗಿರಾಕಿ ಬೇರೆ ಕಡೆ ಹೋಗದಿರಲಿ ಎಂದು. ನಾನು ಸುಳ್ಳು ಹೇಳಿಲ್ಲ, ಯಾರ ಜೇಬಿಗೂ ಕೈ ಹಾಕಿಲ್ಲ" ಎಂದ.

"ಮತ್ತೆ ನನ್ನನ್ನೇಕೆ ಕೇಳುತ್ತೀಯ?" ಎಂದರು ಗುರುಗಳು.



"ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಂದು ದೊಡ್ಡ ಹೊಳೆ. ಅದಕ್ಕೆ ಸೇತುವೆ ಇರಲಿಲ್ಲ. ಒಬ್ಬ ಸಾಹುಕಾರ ಅಲ್ಲಿ ಜನರನ್ನು ದಾಟಿಸುವ ಕಡವು ಮಾಡಿ ದೋಣಿಗಳನ್ನು ಇಟ್ಟಿದ್ದ. ಸ್ವಲ್ಪ ಕೆಳಗಡೆ ಇನ್ನೊಬ್ಬನೂ ದೋಣಿ ಇಟ್ಟ. ಜನ ಅತ್ತ ಹೋಗದಿರಲೆಂದು ಸಾಹುಕಾರ ಒಂದು ಉಪಾಯ ಮಾಡಿದ. ತನ್ನ ದೋಣಿ ಹತ್ತಿದವರಿಗೆಲ್ಲ ಸುಟ್ಟ ಮಣ್ಣಿನ ಒಂದು ಬಿಲ್ಲೆ ಕೊಡಿಸಿದ. ಹಿಡಿ ತುಂಬುವಷ್ಟು ಬಿಲ್ಲೆ ತಂದುಕೊಟ್ಟವರು ಒಂದು ಸಲ ಪುಕ್ಕಟೆಯಾಗಿ ದಾಟಬಹುದು. ಜನ ಕೆಳಗಿನ ಕಡವು ಬಿಟ್ಟು ಸಾಹುಕಾರನ ಕಡವಿಗೇ ಬಂದರು.

ಬಿಲ್ಲೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಹಾಗಾಗಿ ಕಡವಿನಲ್ಲಿ ಒಂದು ಪದ್ಧತಿ ಬೆಳೆಯಿತು. ಬಿಲ್ಲೆ ಬೇಡವಾದವರು ಅದನ್ನು ಅಲ್ಲಿದ್ದ ಹೊಂಗೆ ಮರಕ್ಕೆ ಕಟ್ಟಿದ ಕರಟದಲ್ಲಿ ಹಾಕಿ ಹೋಗುತ್ತಿದ್ದರು. ಕೈಯಲ್ಲಿ ಕಾಸಿಲ್ಲದವರು ಅದರಿಂದ ತೆಗೆದುಕೊಂಡು ದಾಟುತ್ತಿದ್ದರು. ಯಾರು ಹಾಕಿದರು, ಯಾರು ತೆಗೆದರು ಎಂದು ಯಾರೂ ನೋಡುತ್ತಿರಲಿಲ್ಲ.

ಸೊಪ್ಪು ಮಾರುವ ಒಬ್ಬ ಹೆಂಗಸು ಹಾಗೆ ದಾಟುತ್ತಿದ್ದಳು. ಅವಳ ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಮೂಳೆ ಕಟ್ಟುವ ವೈದ್ಯನ ಮನೆ ಆಚೆ ದಡದಲ್ಲಿತ್ತು. ವೈದ್ಯ ಅವನನ್ನು ಅಲ್ಲೇ ಇರಿಸಿಕೊಂಡು ಕಟ್ಟು ಹಾಕುತ್ತಿದ್ದ, ಎಣ್ಣೆ ಹಚ್ಚುತ್ತಿದ್ದ. ಊಟ ಮಾತ್ರ ರೋಗಿಯ ಮನೆಯವರೇ ತರಬೇಕು. ಅವಳು ದಿನವೂ ಮಡಕೆಯಲ್ಲಿ ಗಂಜಿ ಹೊತ್ತು ಹೋಗುತ್ತಿದ್ದಳು. ಅವಳು ಹೋಗದ ದಿನ ಅವನಿಗೆ ಉಪವಾಸ.

ಆ ಕಡವಿಗೆ ಒಬ್ಬ ವರ್ತಕ ಬಂದ. ಬಳೆ ಮಾರುವವನು, ಚುರುಕಿನವನು. ದೋಣಿ ಹತ್ತುವಾಗಲೇ ಬಿಲ್ಲೆ ಕೊಡುತ್ತಾರೆ ಎಂಬುದನ್ನು ಅವನು ನೋಡಿದ. ಹೊರಡುವ ಮೊದಲು ಇಳಿದವರಿಗೆ ದಾಟಿಸುವ ಕೂಲಿಯನ್ನು ಹಿಂದಕ್ಕೆ ಕೊಡುತ್ತಾರೆ. ಬಿಲ್ಲೆಯನ್ನು ಕೇಳುವುದಿಲ್ಲ. ಏಕೆಂದರೆ ಒಮ್ಮೆ ಕೈಗೆ ಕೊಟ್ಟದ್ದನ್ನು ನೀರಿನ ಅಂಚಿನಲ್ಲಿ ಮರಳಿ ಕೇಳುವುದು ಅಂಬಿಗರಲ್ಲಿ ಅಪಶಕುನ.

ವರ್ತಕ ಹತ್ತಿದ. ಬಿಲ್ಲೆ ತೆಗೆದುಕೊಂಡ. "ಅಯ್ಯೋ, ಗಂಟು ಮರೆತೆ" ಎಂದು ಇಳಿದ. ಮುಂದಿನ ದೋಣಿಗೆ ಮತ್ತೆ ಹತ್ತಿದ, ಮತ್ತೆ ಮರೆತ.

"ನಿನ್ನ ತಲೆಯನ್ನಾದರೂ ತಂದಿದ್ದೀಯೇನಪ್ಪ?" ಎಂದ ಅಂಬಿಗ.

ದೋಣಿಯಲ್ಲಿದ್ದವರು ನಕ್ಕರು. ವರ್ತಕನೂ ನಕ್ಕ. ಅವನ ಚೀಲ ತುಂಬಿತು. ಬಿಲ್ಲೆ ನಡೆಯುವಷ್ಟು ದಿನ ಅವನು ಕೂಲಿ ಕೊಟ್ಟು ದಾಟಿದ್ದೇ ಇಲ್ಲ.

ಅಷ್ಟಕ್ಕೇ ನಿಂತಿದ್ದರೆ ಕತೆ ಇರುತ್ತಿರಲಿಲ್ಲ. ವರ್ತಕನಿಗೆ ಮಾತು ಚೆನ್ನಾಗಿ ಬರುತ್ತಿತ್ತು. ಛತ್ರಕ್ಕೆ ಹೋಗಿ ತಾನು ಕಂಡ ಊರುಗಳನ್ನು ಬಣ್ಣಿಸುತ್ತಿದ್ದ. ಜನ ಸುತ್ತ ಕೂತು ಕೇಳುತ್ತಿದ್ದರು. ಮೆಚ್ಚಿದವರು ಅವನಿಗೆ ಹೋಳಿಗೆ ಬಡಿಸುತ್ತಿದ್ದರು, ಬಳೆಯನ್ನೂ ಕೊಳ್ಳುತ್ತಿದ್ದರು. ಬಿಲ್ಲೆಯ ಕತೆಯನ್ನೂ ಅವನು ಹೇಳಿದ. ಹೇಗೆ ಹತ್ತಬೇಕು, ಯಾವಾಗ ಇಳಿಯಬೇಕು, ಮುಖ ಹೇಗೆ ಇಟ್ಟುಕೊಳ್ಳಬೇಕು ಎಂದು ಅಭಿನಯಿಸಿ ತೋರಿಸಿದ. ಜನ ಹೊಟ್ಟೆ ಹಿಡಿದು ನಕ್ಕರು.

ಮರುದಿನದಿಂದ ಕಡವಿನಲ್ಲಿ ಎಲ್ಲರೂ ಗಂಟು ಮರೆಯತೊಡಗಿದರು.

ಸಾಹುಕಾರನಿಗೆ ಸುದ್ದಿ ಮುಟ್ಟಿತು. ಅವನು ಸಿಟ್ಟಾಗಲಿಲ್ಲ. ಬಿಲ್ಲೆ ಕೊಡುವುದನ್ನು ನಿಲ್ಲಿಸಿದ. ಹಳೆಯ ಬಿಲ್ಲೆ ನಡೆಯುವುದಿಲ್ಲ ಎಂದು ಸಾರಿಸಿದ. ಅಷ್ಟರಲ್ಲಿ ಕೆಳಗಿನ ಕಡವು ಮುಚ್ಚಿಹೋಗಿತ್ತು. ಹಾಗಾಗಿ ಕೂಲಿಯನ್ನೂ ಏರಿಸಿದ. ಅವನಿಗೆ ನಷ್ಟವಾಗಲಿಲ್ಲ.

ಹೊಂಗೆ ಮರದ ಕರಟ ಬರಿದಾಯಿತು. ಹೆಂಗಸು ಅದರೊಳಗೆ ಕೈ ಹಾಕಿ ನೋಡಿದಳು. ಆಮೇಲೆ ಮಡಕೆ ಹಿಡಿದು ಅಂಬಿಗನ ಮುಂದೆ ನಿಂತಳು.

"ಅಣ್ಣಾ, ಅವರು ಆಚೆ ಮಲಗಿದ್ದಾರೆ. ನಾನು ಹೋಗದಿದ್ದರೆ ಹಸಿದುಕೊಂಡೇ ಇರುತ್ತಾರೆ" ಎಂದಳು.

ಅಂಬಿಗ ಸಾಹುಕಾರನ ಆಳು. ಅತ್ತ ಇತ್ತ ನೋಡಿದ. "ಹುಟ್ಟಿನ ಹತ್ತಿರ ಬಂದು ಕೂತುಕೋ ತಾಯಿ. ಯಾರಾದರೂ ಕೇಳಿದರೆ ನನ್ನ ತಂಗಿ ಅನ್ನು" ಎಂದ.

ದಿನವೂ ಹಾಗೆಯೇ ಕರೆದುಕೊಂಡು ಹೋದ.

ಒಂದು ದಿನ ವರ್ತಕ ಅದೇ ದೋಣಿಯಲ್ಲಿದ್ದ. ಅವನು ಅಂಬಿಗನ ಮುಖ ನೋಡಿದ, ಹೆಂಗಸಿನ ಮಡಕೆ ನೋಡಿದ. ಅವನ ಕಣ್ಣು ತುಂಬಿತು. ಅವನು ಕೆಟ್ಟವನಲ್ಲ. ಆ ಸಂಜೆ ಛತ್ರದಲ್ಲಿ ಅದನ್ನೇ ಹೇಳಿದ. ಇಂಥ ಅಂಬಿಗ ಇಂಥ ಕಡವಿನಲ್ಲಿ ಇದ್ದಾನೆ, ಆಚೆ ದಡದಲ್ಲಿ ಯಾರಾದರೂ ಕಾಯಿಲೆ ಬಿದ್ದಿದ್ದರೆ ಅವರ ಮನೆಯವರಿಂದ ಕೂಲಿ ಕೇಳುವುದಿಲ್ಲ, ಇಂಥವರಿಂದ ಲೋಕ ನಿಂತಿದೆ ಎಂದ. ಕೇಳಿದವರೂ ಅತ್ತರು. ಅವನು ಹೇಳಿದ ಕತೆಗಳಲ್ಲೆಲ್ಲ ಅದೇ ಚೆನ್ನಾಗಿತ್ತು ಎಂದರು.

ಎರಡು ಮೂರು ದಿನದಲ್ಲಿ ಕಡವಿನ ತುಂಬ ಕಾಯಿಲೆಯವರ ನೆಂಟರು. ಒಬ್ಬನಿಗೆ ಮಾವ, ಒಬ್ಬಳಿಗೆ ಅತ್ತೆ. ಸಂತೆಗೆ ಕುಂಬಳಕಾಯಿ ಹೊತ್ತು ಹೊರಟವನೂ ತನ್ನ ಚಿಕ್ಕಪ್ಪನಿಗೆ ಸೀರಿಯಸ್ಸು ಎಂದ. ಅಂಬಿಗ ಯಾರನ್ನು ನಂಬಬೇಕು? ಮೊದಲು ಎಲ್ಲರನ್ನೂ ಹತ್ತಿಸಿದ. ಸಾಹುಕಾರ ಕರೆಸಿ ಒಂದೇ ಮಾತು ಹೇಳಿದ: "ಇನ್ನೊಬ್ಬರನ್ನು ಪುಕ್ಕಟೆ ದಾಟಿಸಿದರೆ ಹುಟ್ಟು ಕೆಳಗಿಟ್ಟು ಮನೆಗೆ ಹೋಗು." ಅಂಬಿಗನಿಗೂ ಹೆಂಡತಿ ಮಕ್ಕಳಿದ್ದರು.

ಮರುದಿನ ಹೆಂಗಸು ಮಡಕೆ ಹೊತ್ತು ಬಂದಳು.

"ಅಣ್ಣಾ" ಎಂದಳು.

ಅಂಬಿಗ ಅವಳ ಕಡೆ ತಿರುಗಲಿಲ್ಲ. "ಊರಿನವರೆಲ್ಲ ಆಚೆ ದಡದಲ್ಲೇ ಮಲಗಿದ್ದಾರೆ. ಈಚೆ ದಡದಲ್ಲಿ ಗಟ್ಟಿಯಾಗಿ ಇರುವವರು ಯಾರೂ ಇಲ್ಲವೋ?" ಎಂದ.

"ನಿಮಗೆ ಗೊತ್ತಲ್ಲಣ್ಣ ನನ್ನ ಕತೆ."

"ಗೊತ್ತಿತ್ತು ತಾಯಿ. ಈಗ ಎಲ್ಲರದ್ದೂ ಅದೇ ಕತೆ."

ವರ್ತಕ ದೋಣಿಯಲ್ಲಿ ಕೂತಿದ್ದ. ಎದ್ದು ನಿಂತ. "ಇವಳು ಹೇಳುವುದು ನಿಜ. ನಾನು ಬಲ್ಲೆ" ಎಂದ.

"ನೀನು ಬಲ್ಲೆ ಎಂದೇ ಹೀಗಾಯಿತು ಮಾರಾಯ. ಕೂತುಕೋ, ದೋಣಿ ವಾಲುತ್ತದೆ" ಎಂದ ಅಂಬಿಗ.

ವರ್ತಕ ಆ ದಿನ ಅವಳ ಕೂಲಿಯನ್ನು ತಾನೇ ಕೊಟ್ಟ. ಅವಳು ಕೈ ಮುಗಿದಳು. ಅವನ ಮನಸ್ಸು ಹಗುರವಾಯಿತು. ಮರುದಿನ ಅವನು ಬೇರೆ ಸೀಮೆಗೆ ಹೊರಟ. ಅಲ್ಲಿಯೂ ಹೊಳೆಗಳಿದ್ದವು, ಛತ್ರಗಳಿದ್ದವು.

ಹೆಂಗಸು ಕಡವಿಗೆ ಬಂದಳು. ಮಡಕೆ ತಣ್ಣಗಾಗುವ ತನಕ ನಿಂತಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಮೃತ್ಯುಂಜಯ.

"ಆಮೇಲೆ ಏನು? ದೋಣಿ ಹೊರಟಿತು."

 ಮೃತ್ಯುಂಜಯನಿಗೆ ವರ್ತಕನ ಪರವಾಗಿ ಏನಾದರೂ ಹೇಳಬೇಕೆನಿಸಿತು.

"ಗುರುಗಳೇ, ಸಾಹುಕಾರ ಲೋಭಿ. ಜನ ಆಸೆಬುರುಕರು. ಅವರ ತಪ್ಪನ್ನು ವರ್ತಕನ ಮೇಲೆ ಹೇಗೆ ಹಾಕುವುದು? ಅವನು ಛತ್ರದಲ್ಲಿ ಒಂದು ಸುಳ್ಳನ್ನೂ ಹೇಳಲಿಲ್ಲವಲ್ಲ" ಎಂದ.

"ಇಲ್ಲ" ಎಂದರು ಗುರುಗಳು. "ಕಡವಿನಲ್ಲಿ ಆ ಹೆಂಗಸೂ ಸುಳ್ಳು ಹೇಳಲಿಲ್ಲ, ಆದರೂ ದೋಣಿ ಅವಳನ್ನು ಬಿಟ್ಟು ಹೊರಟಿತು."