ಕೊಳ ನೋಡುತ್ತ ಕೂತ ಮಂಗಟ್ಟೆ

ಮಂಗಟ್ಟೆ ಹಕ್ಕಿಯ ಸಂಸಾರ ಎಂಥದ್ದು ಗೊತ್ತೇನ್ರೋ ಮಕ್ಕಳೇ? ಮೊಟ್ಟೆ ಇಡುವ ಹೊತ್ತಿಗೆ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟೇ ಸಂದಿ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರಿಹೋಗುತ್ತವೆ. ಗಂಡು ಹಣ್ಣು ತಂದುಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ.

ಒಂದು ಕಾಡಿನಲ್ಲಿ ಗೌರಕ್ಕ ಎಂಬ ಮಂಗಟ್ಟೆ ಹಾಗೆ ಕೂತಿದ್ದಳು, ಜೊತೆಗೆ ಎರಡು ಮರಿಗಳು. ಗಂಡ ಕೊಕ್ಕಣ್ಣ ದಿನಾ ಅತ್ತಿಹಣ್ಣು ತರುತ್ತಿದ್ದ.

ಒಂದು ದಿನ ಬಿರುಗಾಳಿಗೆ ಸಿಕ್ಕಿ ಕೊಕ್ಕಣ್ಣನ ತಮ್ಮ ಸತ್ತುಹೋದ. ಒಟ್ಟಿಗೆ ಹಾರಿ ಬೆಳೆದವರು, ಪಾಪ. ಕೊಕ್ಕಣ್ಣನಿಗೆ ಯಾವುದೂ ಬೇಡವಾಯಿತು. ಕೊಳದ ಮೇಲೆ ಬಾಗಿದ ಕೊಂಬೆಯಲ್ಲಿ ಹೋಗಿ ಕೂತುಬಿಟ್ಟ.

ಆ ನೀರಿನಲ್ಲಿ ಏನೇನು ಕಾಣುತ್ತಿತ್ತು ಅಂತೀರಿ! ಕೋತಿಗಳ ಜಗಳ, ನವಿಲಿನ ಕುಣಿತ, ಮರಿಗೆ ಗುಟುಕು ಕೊಡುವ ಪಾರಿವಾಳ. ಎಲ್ಲ ತಲೆಕೆಳಗಾಗಿ, ಒಂದಾದ ಮೇಲೊಂದು. ನೋಡುತ್ತಿದ್ದರೆ ತಮ್ಮನ ನೆನಪು ಸ್ವಲ್ಪ ದೂರ ಹೋಗುತ್ತಿತ್ತು. ನೀರಿನಿಂದ ಕಣ್ಣು ಕಿತ್ತರೆ ಅದು ಎರಡರಷ್ಟಾಗಿ ಬರುತ್ತಿತ್ತು. "ಇದೊಂದು ನೋಡಿ ಏಳುತ್ತೇನೆ" ಅಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ಮೂರು ದಿನ ಕಳೆಯಿತು.

ಪೊಟರೆಯ ಪಕ್ಕದ ಮರದ ಕೆಂಜಳಿಲು ಚೆಲುವಜ್ಜಿ ಏದುಸಿರು ಬಿಡುತ್ತ ಓಡಿಬಂದಳು.

"ಏನೋ ಕೊಕ್ಕಣ್ಣ, ನಿನಗೇನು ಗರ ಬಡಿದಿದೆ? ಕೂಗಿ ಕೂಗಿ ಗೌರಕ್ಕನ ಗಂಟಲು ಕಟ್ಟಿಹೋಯಿತು! ನಾನು ಕೊಟ್ಟ ಬೀಜ ಮರಿಗಳ ಗಂಟಲಲ್ಲಿ ಇಳಿಯಲೇ ಇಲ್ಲ."

"ಮನಸ್ಸು ಸರಿಯಿಲ್ಲ ಅಜ್ಜಿ. ಸರಿಹೋಗಲಿ, ಹೋಗುತ್ತೇನೆ."

"ಅಲ್ಲೀತನಕ ಹೊಟ್ಟೆ ಕಾಯುತ್ತದೇನೋ? ನಿನಗೆ ನೋವಿದೆ, ಇಲ್ಲ ಅಂದವರು ಯಾರು? ನೋವು ಇಟ್ಟುಕೊಂಡೇ ಹಾರು. ಒಂದು ಸಲ ಹೋಗಿ ಬಾ, ಸಾಕು."

ಕೊಕ್ಕಣ್ಣ ಎದ್ದ. ರೆಕ್ಕೆ ಮಣಭಾರ. ಹೇಗೋ ಅತ್ತಿಮರ ಮುಟ್ಟಿ, ಹಣ್ಣು ತುಂಬಿಕೊಂಡು ಪೊಟರೆಗೆ ಬಂದ. ಒಂದನ್ನು ಗೌರಕ್ಕನಿಗೆ ಕೊಟ್ಟ, ಒಂದನ್ನು ಮರಿಗೆ ಕೊಟ್ಟ. ಮೂರನೆಯದನ್ನು ಸಂದಿಗೆ ಹಿಡಿದ. ಯಾರೂ ತೆಗೆದುಕೊಳ್ಳಲಿಲ್ಲ.

"ಅದು ಬೇಡ," ಅಂದಳು ಗೌರಕ್ಕ. "ಚಿಕ್ಕದು ಇವತ್ತು ಬೆಳಗ್ಗೆ ಹೋಗಿಬಿಟ್ಟಿತು. ಕೊನೆತನಕ ಸಂದಿಯನ್ನೇ ನೋಡುತ್ತಿತ್ತು."

ಅಯ್ಯೋ! ಕೊಕ್ಕಣ್ಣ ಮರಕ್ಕೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಮತ್ತೆ ಕೊಳಕ್ಕೇ ಹೋಗೋಣ ಅನ್ನಿಸಿತು, ಸುಳ್ಳಲ್ಲ. ಅಷ್ಟರಲ್ಲಿ ಉಳಿದ ಮರಿ ಹಸಿದು ಕೂಗಿತು. ಅಳುತ್ತಲೇ ಅತ್ತಿಮರಕ್ಕೆ ಹಾರಿದ. ಅವತ್ತು ಹತ್ತು ಸಲ ಹೋಗಿಬಂದ. ಮರುದಿನವೂ ಹೋದ, ಅದರ ಮರುದಿನವೂ ಹೋದ.

"ದುಃಖ ಕಡಿಮೆಯಾಯಿತೇ?" ಎಂದು ಒಂದು ಸಂಜೆ ಗೌರಕ್ಕ ಕೇಳಿದಳು.

"ಇಲ್ಲ ಕಣೇ. ಆದರೆ ಹಾರುವಾಗ ಅದು ನನ್ನ ಜೊತೆ ಹಾರುತ್ತದೆ. ಕೂತರೆ ನನ್ನ ಮೇಲೆ ಕೂರುತ್ತದೆ."

ಮಳೆ ಹಿಡಿಯುವ ಮೊದಲು ಗೌರಕ್ಕ ಮಣ್ಣಿನ ಗೋಡೆ ಒಡೆದು ಹೊರಬಂದಳು. ಅವಳ ಹಿಂದೆ ಒಂದೇ ಒಂದು ಮರಿ ಬಂತು.

ನೀತಿ: ಮನಸ್ಸು ಸರಿಹೋಗಲಿ ಎಂದು ನೋಡುತ್ತ ಕೂರಬೇಡಿ, ಎದ್ದು ಒಂದು ಕೆಲಸಕ್ಕೆ ಕೈ ಹಾಕಿ, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ.