ತಣ್ಣೀರಿನ ಊರಿಗೆ ಹೊರಟವನು

ನದಿ ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿ ವಾಮನ ಗುರುಗಳ ಆಶ್ರಮವಿತ್ತು. ಆಶ್ರಮ ಎಂದರೆ ಒಂದು ಗುಡಿಸಲು, ಅದರ ಗೋಡೆಗೆ ಒರಗಿಸಿದ ಒಂದಷ್ಟು ಸರ್ಫಿಂಗ್ ಬೋರ್ಡು. ಅಲೆಯ ಮೇಲೆ ನಿಲ್ಲುವುದು ಬಿಟ್ಟರೆ ತನಗೆ ಬೇರೇನೂ ಕಲಿಸಲು ಬರುವುದಿಲ್ಲ ಎಂದು ಗುರುಗಳು ಹೇಳುತ್ತಿದ್ದರು. ಶಿಷ್ಯರು ಯಾರೂ ಅದನ್ನು ನಂಬುತ್ತಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಶಿಷ್ಯ ಲತೇಶ ಕುತ್ತಿಗೆಯಿಂದ ಪಾದದವರೆಗೆ ಕಪ್ಪು ರಬ್ಬರಿನ ಉಡುಪು ತೊಟ್ಟು ಬಂದು ನಿಂತ. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಇದೆಂಥದು ಮಾರಾಯ?"

"ತಣ್ಣೀರಿಗೆ ಹಾಕುವ ಉಡುಪು, ಗುರುಗಳೇ. ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ ಒಂದು ಸಣ್ಣ ಊರುಂಟು. ಅಕ್ಟೋಬರಿನಲ್ಲಿ ಅಲ್ಲಿಯ ಅಲೆ ಏರ್ಲಿಕ್ಕೆ ಹೋಗ್ತೇನೆ."

ಗುರುಗಳು ರಬ್ಬರನ್ನು ಚಿವುಟಿ ನೋಡಿದರು. ಮೂಸಿಯೂ ನೋಡಿದರು. ಹೊಸದೇನು ಕಂಡರೂ ಅವರಿಗೆ ಮಕ್ಕಳ ಖುಷಿ.

"ಅಲ್ಲಿಯವರು ನೀರಿನಿಂದ ಮೇಲೆ ಬಂದು ಎಂಥ ತಿಂತಾರೆ?"

"ಅದೊಂದು ವಿಚಾರಿಸಲಿಲ್ಲ."

ಉಳಿದದ್ದೆಲ್ಲ ವಿಚಾರಿಸಿದ್ದ. ಗಾಳಿ ಎತ್ತಣಿಂದ ಬೀಸುತ್ತದೆ, ಬಂಡೆ ಎಲ್ಲಿದೆ, ಉಬ್ಬರ ಯಾವಾಗ, ಎಲ್ಲವೂ ಬಾಯಿಪಾಠ. ಆದರೂ ಅವನ ಪ್ರಶ್ನೆ ಮುಗಿಯುತ್ತಿರಲಿಲ್ಲ. ತಣ್ಣೀರು ಭಾರ ಇರ್ತದಾ? ಅಲೆ ಇಲ್ಲಿಯ ಹಾಗೆಯೇ ಮಗುಚ್ತದಾ? ಬಿದ್ದರೆ ಮೊದಲು ಎಂಥ ಆಗ್ತದೆ? ಆಮೇಲೆ? ಅದರ ಆಮೇಲೆ?

"ಯಾರ ಜೊತೆ ಹೋಗ್ತಿ?" ಗುರುಗಳು ಕೇಳಿದರು.

"ಒಬ್ಬನೇ."

"ಧನರಾಜ?"

ಲತೇಶ ಮರಳು ನೋಡಿದ. ಧನರಾಜ ಅವನ ಜೊತೆಗೇ ಅಲೆ ಕಲಿತವನು. ಆ ಊರಿನ ಚಿತ್ರವನ್ನು ಮೊದಲು ತಂದು ತೋರಿಸಿ, ಒಂದು ದಿನ ಇಬ್ಬರೂ ಹೋಗುವ ಎಂದವನು. ಹಿಂದಿನ ವರ್ಷ ಬೋರ್ಡು ಬಡಿದು ಅವನ ಭುಜ ಮುರಿದಿತ್ತು. ಇನ್ನು ಅಲೆಯ ಸಹವಾಸ ಬೇಡ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

"ಅವನು ಬಂದು ಎಂಥ ಮಾಡುವುದು ಗುರುಗಳೇ? ನಾನು ಅಲೆ ಏರುವಾಗ ಅವನು ನೋಡ್ತಾ ಕೂರಬೇಕು. ಅವನಿಗೂ ಬೇಜಾರು, ನನಗೂ ಬೇಜಾರು."

"ಅವನಿಗೆ ಹೇಳಿದ್ದೀಯಾ?"

"ಇಲ್ಲ."

"ಮತ್ತೆ ನನ್ನ ಹತ್ರ ಎಂಥ ಕೇಳ್ಲಿಕ್ಕೆ ಬಂದೆ?"

"ಈ ಉಡುಪು ಸಾಕಾ ಅಂತ."

"ಬಾ, ನೋಡುವ."

ಗುರುಗಳು ಅವನನ್ನು ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಕರೆದುಕೊಂಡು ಹೋದರು. ಆ ಸೆಕೆಯಲ್ಲಿ ಆ ವೇಷ ಕಂಡು ಮೀನು ಮಾರುವ ಹೆಂಗಸರು ಬುಟ್ಟಿ ಕೆಳಗಿಟ್ಟು ನಕ್ಕರು. ಭುಜ ಹೋದ ಮೇಲೆ ಧನರಾಜನಿಗೆ ಅಲ್ಲೇ ಕೆಲಸ. ಅವನು ಆಚೆ ತುದಿಯಲ್ಲಿ ದೋಣಿಗೆ ಐಸ್ ತುಂಬಿಸುತ್ತಿದ್ದವರ ಮೇಲ್ವಿಚಾರಣೆ ಮಾಡುತ್ತ ನಿಂತಿದ್ದ.

ಪುಡಿ ಐಸ್ ತೇಲುತ್ತಿದ್ದ ಒಂದು ಡ್ರಮ್ಮನ್ನು ಗುರುಗಳು ತೋರಿಸಿದರು.

"ಎರಡೂ ಕೈ ಹಾಕು. ನಾನು ಹೇಳುವವರೆಗೆ ತೆಗೀಬೇಡ."

ಹಾಗೆಂದು ಅವರು ಒಬ್ಬಾಕೆಯ ಜೊತೆ ಬಂಗುಡೆ ಮೀನಿನ ವಿಷಯ ಮಾತಾಡಲು ಹೋದರು. ಬಂಗುಡೆಯ ವಿಷಯ ಬೇಗ ಮುಗಿಯುವಂಥದ್ದಲ್ಲ. ಲತೇಶ ಹಲ್ಲು ಕಚ್ಚಿ ನಿಂತ.

ಕೊನೆಗೆ ಬಂದರು. "ತೆಗಿ. ಈಗ ಆ ಉಡುಪು ಬಿಚ್ಚು."

ಜಿಪ್ ಬೆನ್ನ ಮೇಲಿತ್ತು. ಅದನ್ನು ಎಳೆಯಲು ಉದ್ದದ ಒಂದು ದಾರ. ಲತೇಶ ಕೈ ಹಿಂದಕ್ಕೆ ಹಾಕಿದ. ದಾರ ತಗಲಿತು, ಆದರೆ ಬೆರಳು ಮಡಚಲು ಬರಲಿಲ್ಲ. ಇನ್ನೊಮ್ಮೆ ಹಾಕಿದ. ಮತ್ತೂ ಒಮ್ಮೆ. ಕೈ ಮರಗಟ್ಟಿತ್ತು, ಮೈ ಬೇಯುತ್ತಿತ್ತು.

"ಸ್ವಲ್ಪ ಎಳೀರಿ, ಗುರುಗಳೇ."

"ನಾನು ಸ್ಕಾಟ್ಲೆಂಡಿಗೆ ಬರುವುದಿಲ್ಲ."

ಲತೇಶ ಸುತ್ತ ನೋಡಿದ. ಆಮೇಲೆ ತಡೆಯಲಾರದೆ ಕೂಗಿದ: "ಧನರಾಜಾ!"

ಧನರಾಜ ಬಂದು ಸರಿಯಿದ್ದ ಕೈಯಿಂದ ಸರ್ರನೆ ಜಿಪ್ ಎಳೆದ. ಉಡುಪನ್ನು ಮುಟ್ಟಿದ. ಅದು ಯಾವ ಊರಿಗೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಯಾವಾಗ?"

"ಅಕ್ಟೋಬರ್. ನೀನೂ ಬಾ ಮಾರಾಯ. ಜಿಪ್ ಎಳೀಲಿಕ್ಕೆ ಒಬ್ಬ ಬೇಕು."

"ಅದಕ್ಕೆ ಅಲ್ಲಿಯೇ ಯಾರಾದ್ರೂ ಸಿಗ್ತಾರೆ" ಎಂದು ಧನರಾಜ ತಿರುಗಿ ಹೊರಟುಹೋದ.

ಲತೇಶನ ಮುಖ ಸಣ್ಣದಾಯಿತು. "ಆಳನ್ನು ಕರೆದ ಹಾಗೆ ಕರೆದುಬಿಟ್ಟೆ."

"ಹೌದು."

ಉಡುಪಿನಿಂದ ತೋಳು ಬಿಡಿಸಿಕೊಳ್ಳುತ್ತ ಅವನು ಕೇಳಿದ: "ನೀವು ತಣ್ಣೀರಿಗೆ ಇಳಿದದ್ದುಂಟಾ?"

"ಗಂಗೋತ್ರಿಯಲ್ಲಿ ಒಮ್ಮೆ. ಮೇಲೆ ಬಂದು ಪಂಚೆ ಉಡ್ಲಿಕ್ಕೆ ಬೆರಳು ಕೇಳಲಿಲ್ಲ. ಗುರುತಿಲ್ಲದ ಒಬ್ಬರು ಅಜ್ಜಿ ಉಡಿಸಿದರು."

"ಅವರನ್ನು ಹೇಗೆ ಕರೆದಿರಿ?"

"ಕರೀಲಿಲ್ಲ. ಅಳ್ತಾ ನಿಂತಿದ್ದೆ."

ಲತೇಶನಿಗೆ ನಗು ಬರಲಿಲ್ಲ. ಅವನು ಧನರಾಜನ ಬೆನ್ನನ್ನೇ ನೋಡುತ್ತಿದ್ದ.

"ಅವನಿಲ್ಲದೆ ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ ಗುರುಗಳೇ. ದಡದಿಂದ ಫೋಟೋ ತೆಗಿ ಅಂತ ಹೇಳ್ಲಾ? ಅಲೆ ನೋಡಿ ಹೇಳುವ ಕೆಲಸ ನಿನ್ನದು ಅಂತ ಹೇಳ್ಲಾ? ಎಂಥ ಹೇಳಿದ್ರೆ ಬರ್ತಾನೆ?"

ಗುರುಗಳು ಅವನ ಕೈಗಳನ್ನು ತಮ್ಮ ಅಂಗೈಗಳ ನಡುವೆ ಇಟ್ಟು ಉಜ್ಜಿದರು. ಐಸಿನಿಂದ ತೆಗೆದು ಎಷ್ಟೋ ಹೊತ್ತಾಗಿತ್ತು. ಬೆರಳುಗಳಿಗೆ ಬಿಸಿ ಬಂದಿತ್ತು. ಆದರೂ ನಡುಗುತ್ತಿದ್ದವು.

"ಹೆದರಿಕೆ ಆಗ್ತದೆ ಅಂತ ಹೇಳು."